ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಪೊಲೀಸ್ ಠಾಣೆಗಳ ಕಾರ್ಯವರ್ಷ

ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಕರ್ನಾಟಕದ ರಾಯಚೂರು ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳು. ಜೇವರ್ಗಿಯಿಂದ ಚಾಮರಾಜನಗರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಈ ಮೂರೂ ಊರುಗಳನ್ನು ಹಾದುಹೋಗುತ್ತದೆ. ಇಲ್ಲಿನ ಪೊಲೀಸ್ ಠಾಣೆಗಳ ವರ್ಷ ಜನವರಿ 1ರಂದು ಆರಂಭವಾಗುತ್ತದೆ. ಅಂದು ಪ್ರತಿ ಠಾಣೆಯ ಗುನ್ನೆ ನಂಬರ್ ಮತ್ತೆ 1ರಿಂದ ಎಣಿಕೆಯಾಗುತ್ತದೆ. ಅಸಹಜ ಸಾವುಗಳ ವರದಿಗೆ, ಅಂದರೆ ಯುಡಿಆರ್‌ಗೆ, ಪ್ರತ್ಯೇಕ ಕ್ರಮಸಂಖ್ಯೆ ಇರುತ್ತದೆ. ಪಟ್ಟಣದ ಠಾಣೆ ಎಂದೊಡನೆ ಕಳ್ಳತನ, ಹೊಡೆದಾಟಗಳ ಚಿತ್ರ ಮೂಡುವುದು ಸಹಜ. ಆದರೆ ಈ ಭಾಗದಲ್ಲಿ ಪೊಲೀಸರ ದಿನಗಳನ್ನು ಹೆಚ್ಚಾಗಿ ನಿರ್ಧರಿಸುವುದು ಕಾಲುವೆಯ ನೀರು, ಹುಣ್ಣಿಮೆಯ ಜಾತ್ರೆಗಳು, ಹೊಳೆಯ ಪ್ರವಾಹ ಮತ್ತು ಚುನಾವಣೆಗಳು. ಬರಗಾಲದ ಮುಂದುವರಿಕೆ, ಲೋಕಸಭಾ ಚುನಾವಣೆ, ಹೊಸ ಅಪರಾಧ ಕಾನೂನುಗಳ ಜಾರಿ ಮತ್ತು ತುಂಗಭದ್ರಾ ಅಣೆಕಟ್ಟೆಯ ಗೇಟು ಕೊಚ್ಚಿಹೋದ ಘಟನೆ ಒಂದೇ ವರ್ಷದಲ್ಲಿ ಸಂಭವಿಸಿದ್ದರಿಂದ 2024ನೇ ಇಸವಿಯು ಇದಕ್ಕೆ ಒಳ್ಳೆಯ ಉದಾಹರಣೆಯಾಗಿದೆ.

ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದು, ಬಳಿಕ ನಿಜಾಮರಿಗೆ ಮರಳಿತು. ಲಿಂಗಸುಗೂರಿನಲ್ಲಿ ಸೈನ್ಯದ ದಂಡು ಬೀಡುಬಿಟ್ಟಿತ್ತು. ಅದು ಕೆಲಕಾಲ ಪ್ರತ್ಯೇಕ ಜಿಲ್ಲೆಯೂ ಆಗಿದ್ದು, 1905ರಲ್ಲಿ ರದ್ದಾಯಿತು. ನಿಜಾಮರ ಕಾಲದ ಜಿಲ್ಲಾ ಪೊಲೀಸ್ ವ್ಯವಸ್ಥೆಯಲ್ಲಿ ಮೇಲಧಿಕಾರಿಯನ್ನು ಮುಹ್ತಮಿಮ್ ಎಂದೂ ಠಾಣೆಯ ಮುಖ್ಯಸ್ಥನನ್ನು ಅಮೀನ್ ಎಂದೂ ಕರೆಯುತ್ತಿದ್ದರು. ಹಳ್ಳಿಯ ಮಟ್ಟದಲ್ಲಿ ಕಂದಾಯ ವಸೂಲಿಗೆ ಮಾಲಿ ಪಾಟೀಲನೂ ಶಾಂತಿಪಾಲನೆಗೆ ಪೊಲೀಸ್ ಪಾಟೀಲನೂ ಇದ್ದರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಆ ಅಧಿಕಾರ ಹೋಯಿತು, ಹೆಸರು ಉಳಿಯಿತು. 'ಪೊಲೀಸ್ ಪಾಟೀಲ' ಎಂಬುದು ಈ ಭಾಗದಲ್ಲಿ ಇಂದಿಗೂ ಪ್ರಚಲಿತವಿರುವ ಮನೆತನದ ಹೆಸರು. ಠಾಣೆಯ ಕಾಗದಗಳಲ್ಲಿಯೂ ಹಳೆಯ ಭಾಷೆಯ ಪದರ ಕಾಣುತ್ತದೆ: ಗುನ್ನೆ, ಫಿರ್ಯಾದಿ, ಪಂಚನಾಮೆ, ಜಪ್ತಿ.

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ, ಹೈದರಾಬಾದನ್ನು ಭಾರತದಲ್ಲಿ ವಿಲೀನಗೊಳಿಸಿದ ಸೈನಿಕ ಕಾರ್ಯಾಚರಣೆ ಇತಿಹಾಸದಲ್ಲಿ 'ಪೊಲೀಸ್ ಕಾರ್ಯಾಚರಣೆ' ಎಂದೇ ದಾಖಲಾಗಿದೆ. ಪೊಲೀಸರ ಪಾತ್ರ ಕಡಿಮೆಯಿದ್ದ ಘಟನೆಗೆ ಅವರ ಹೆಸರು ಅಂಟಿಕೊಂಡದ್ದು ವಿಚಿತ್ರವಾದರೂ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂದು ಧ್ವಜವಂದನೆಗೆ ಸಾಲುಗಟ್ಟಿ ನಿಲ್ಲುವವರು ಇಂದು ಪೊಲೀಸರೇ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಪ್ರಸ್ತುತ ಪೊಲೀಸ್ ಆಡಳಿತಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆ, 1963 ಆಧಾರವಾಗಿದ್ದು, ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನವನ್ನು ಆಚರಿಸಲಾಗುತ್ತದೆ.

ರಚನೆ

ಮೂರೂ ಊರುಗಳ ಠಾಣೆಗಳು ಬಳ್ಳಾರಿ ವಲಯಕ್ಕೆ ಸೇರಿದ ರಾಯಚೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಅಧೀನದಲ್ಲಿವೆ. ಸಿಂಧನೂರು ಮತ್ತು ಲಿಂಗಸುಗೂರಿನಲ್ಲಿ ಡಿವೈಎಸ್ಪಿ ದರ್ಜೆಯ ಉಪವಿಭಾಗ ಕಚೇರಿಗಳಿವೆ. ಸಿಂಧನೂರಿನಲ್ಲಿ ನಗರ ಮತ್ತು ಗ್ರಾಮೀಣ ಠಾಣೆಗಳು ಬೇರೆಬೇರೆಯಾಗಿವೆ. ಸುತ್ತಲಿನ ತುರ್ವಿಹಾಳ, ಬಳಗಾನೂರು, ಮುದಗಲ್ ಮತ್ತು ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿಯೂ ಠಾಣೆಗಳಿವೆ. ನೆರೆಯ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಸ್ಕಿ ತಾಲ್ಲೂಕನ್ನು ಇತ್ತೀಚೆಗೆ ರಚಿಸಿದ್ದರಿಂದ, ತಾಲ್ಲೂಕಿನ ಗಡಿಯೂ ಠಾಣೆಯ ಸರಹದ್ದೂ ಎಲ್ಲೆಡೆ ಒಂದೇ ಆಗಿಲ್ಲ. ಕಂದಾಯ ಕೆಲಸಕ್ಕೆ ಒಂದು ಊರು, ಫಿರ್ಯಾದಿಗೆ ಇನ್ನೊಂದು ಊರು ಎಂಬ ಸ್ಥಿತಿ ಗಡಿಯಂಚಿನ ಹಳ್ಳಿಗಳಿಗೆ ಹೊಸದಲ್ಲ.

ಠಾಣೆಯ ಹೊಣೆ ಪಿಎಸ್ಐ ಅಥವಾ ಇನ್ಸ್‌ಪೆಕ್ಟರ್ ಅವರದು. ಆದರೆ ಠಾಣೆಗೆ ಬಂದ ಸಾಮಾನ್ಯ ಮನುಷ್ಯನ ಮಾತು ಮೊದಲು ಕಾಗದಕ್ಕಿಳಿಯುವುದು ಸಾಮಾನ್ಯವಾಗಿ ಠಾಣಾ ಬರಹಗಾರನ ಮೇಜಿನ ಮೇಲೆ. ಆ ಮಾತು ಕನ್ನಡದಲ್ಲೇ ಇರಬೇಕೆಂದಿಲ್ಲ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ 'ಕ್ಯಾಂಪ್'ಗಳಲ್ಲಿ ತೆಲುಗು, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗಾಗಿ ಸಿಂಧನೂರಿನ ಬಳಿ ನಿರ್ಮಿಸಿದ ಆರ್.ಎಚ್. ಕ್ಯಾಂಪ್‌ಗಳಲ್ಲಿ ಬಂಗಾಳಿ, ಪೇಟೆಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಕೇಳಿಬರುತ್ತವೆ. ಹೇಳಿಕೆ ಮಾತ್ರ ಕನ್ನಡದಲ್ಲಿ ದಾಖಲಾಗುತ್ತದೆ. ಓದಿ ಹೇಳಿದ್ದನ್ನು ಕೇಳಿ ಸಹಿ ಅಥವಾ ಹೆಬ್ಬೆಟ್ಟು ಒತ್ತುವವರಿಗೆ ತಮ್ಮ ಮಾತು ಎಷ್ಟರಮಟ್ಟಿಗೆ ಕಾಗದಕ್ಕೆ ಬಂತು ಎಂಬುದು ಮುಖ್ಯ ಪ್ರಶ್ನೆಯಾಗಿರುತ್ತದೆ. ಅದರ ಪರಿಣಾಮ ಮುಂದೆ ಅಸಹಜ ಸಾವಿನ ಪ್ರಕರಣಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೂರು ಹುಣ್ಣಿಮೆಗಳು

ವರ್ಷದ ಮೊದಲ ಮೂರು ತಿಂಗಳು ಮೂರು ದೊಡ್ಡ ಜಾತ್ರೆಗಳ ಬಂದೋಬಸ್ತಿನಲ್ಲಿ ಸಾಗುತ್ತವೆ. ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತ ಅಂಬಾಮಠದಲ್ಲಿ ಅಂಬಾದೇವಿ ಜಾತ್ರೆ, ಭಾರತ ಹುಣ್ಣಿಮೆಗೆ ಮಸ್ಕಿಯಲ್ಲಿ ಮಲ್ಲಿಕಾರ್ಜುನ ದೇವರ ಜಾತ್ರೆ, ಹೋಳಿ ಹುಣ್ಣಿಮೆಗೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರ ಜಾತ್ರೆ. 2024ರಲ್ಲಿ ಈ ಹುಣ್ಣಿಮೆಗಳು ಜನವರಿ 25, ಫೆಬ್ರವರಿ 24 ಮತ್ತು ಮಾರ್ಚ್ 25ರಂದು ಬಂದವು. ರಥಬೀದಿಯಲ್ಲಿ ಹಗ್ಗದ ಎರಡೂ ಬದಿ ದಾರಿ ಬಿಡಿಸುವುದು, ಎತ್ತಿನ ಬಂಡಿ ಮತ್ತು ಟ್ರ್ಯಾಕ್ಟರುಗಳಿಗೆ ಜಾಗ ಗುರುತಿಸುವುದು, ತಪ್ಪಿಸಿಕೊಂಡ ಮಕ್ಕಳನ್ನು ತಾಯಂದಿರಿಗೆ ಮುಟ್ಟಿಸುವುದು, ಸರಗಳ್ಳರ ಮೇಲೆ ಕಣ್ಣಿಡುವುದು ಇಲ್ಲಿನ ಮುಖ್ಯ ಕೆಲಸ. ಸ್ಥಳೀಯ ಸಿಬ್ಬಂದಿ ಸಾಲದ ಕಾರಣ ಜಿಲ್ಲೆಯ ಇತರ ಠಾಣೆಗಳಿಂದಲೂ ಗೃಹರಕ್ಷಕ ದಳದಿಂದಲೂ ಜನರನ್ನು ಕರೆಸಲಾಗುತ್ತದೆ. ಹೀಗೆ ಒಂದು ಊರಿನ ಜಾತ್ರೆ ಇನ್ನೊಂದು ಊರಿನ ತನಿಖೆಯನ್ನು ಒಂದೆರಡು ದಿನ ಹಿಂದಕ್ಕೆ ಸರಿಸುತ್ತದೆ.

ಜಾತ್ರೆ ಮತ್ತು ಸಾಮೂಹಿಕ ವಿವಾಹಗಳ ಕಾಲದಲ್ಲಿ ಬಾಲ್ಯವಿವಾಹದ ಮಾಹಿತಿ ಬರುವುದೂ ಹೆಚ್ಚು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಮದುವೆ ತಡೆಯುವ ಅಧಿಕಾರಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮುಂತಾದ ಇಲಾಖೆಗಳವರು. ಅವರ ಜೊತೆ ಪೊಲೀಸರು ಹೋಗುತ್ತಾರೆ. ದೇವದಾಸಿ ಪದ್ಧತಿಯ ನೆನಪು ಇನ್ನೂ ಹಸಿಯಾಗಿರುವ ಜಿಲ್ಲೆ ಇದಾದ್ದರಿಂದ, ಮುತ್ತು ಕಟ್ಟುವುದನ್ನು ನಿಷೇಧಿಸಿದ ಕಾನೂನೂ ಹುಣ್ಣಿಮೆಯ ದಿನಗಳಲ್ಲಿ ಠಾಣೆಯ ಗಮನದಲ್ಲಿರಬೇಕಾಗುತ್ತದೆ.

2024ರಲ್ಲಿ ಅಮರೇಶ್ವರ ಜಾತ್ರೆಗೆ ಮೊದಲೇ, ಮಾರ್ಚ್ 16ರಂದು, ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಜಾರಿಗೆ ಬಂದಿತ್ತು. ಹೆದ್ದಾರಿಯಲ್ಲಿ ಚೆಕ್‌ಪೋಸ್ಟ್‌ಗಳು, ಪರವಾನಗಿ ಬಂದೂಕುಗಳ ಠೇವಣಿ, ರೌಡಿ ಪಟ್ಟಿಯಲ್ಲಿರುವವರಿಂದ ಮುಚ್ಚಳಿಕೆ ಬರೆಸುವುದು ಮೇ 7ರ ಮತದಾನದವರೆಗೂ ನಡೆದವು. ಒಂದೇ ಹೆದ್ದಾರಿಯ ಈ ಊರುಗಳಲ್ಲಿ ಸಿಂಧನೂರು ಮತ್ತು ಮಸ್ಕಿ ವಿಧಾನಸಭಾ ಕ್ಷೇತ್ರಗಳು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೂ ಲಿಂಗಸುಗೂರು ರಾಯಚೂರು ಲೋಕಸಭಾ ಕ್ಷೇತ್ರಕ್ಕೂ ಸೇರಿವೆ. ಮಸ್ಕಿಗೆ ಇದಕ್ಕಿಂತ ಕಷ್ಟದ ಚುನಾವಣೆ 2021ರ ಏಪ್ರಿಲ್ 17ರ ಉಪಚುನಾವಣೆ. ಅದು ಕೋವಿಡ್‌ನ ಎರಡನೇ ಅಲೆ ಏರುತ್ತಿದ್ದಾಗಲೇ ನಡೆಯಿತು.

ಕಾನೂನು ಬದಲಾದ ದಿನ

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದವು. ಇದರಿಂದ ಆ ವರ್ಷದ ಗುನ್ನೆ ಪಟ್ಟಿ ನಡುವಿನಲ್ಲಿ ಸೀಳಿದಂತಾಯಿತು. ಜೂನ್ 30ರ ರಾತ್ರಿ ನಡೆದ ಕಳ್ಳತನಕ್ಕೆ ಹಳೆಯ 379ನೇ ಕಲಂ, ಮರುದಿನದ ಕಳ್ಳತನಕ್ಕೆ ಹೊಸ 303ನೇ ಕಲಂ. ಕೃತ್ಯ ಯಾವ ದಿನದ್ದು ಎಂಬುದೇ ಕಲಮನ್ನು ನಿರ್ಧರಿಸುವುದರಿಂದ, ತಡವಾಗಿ ಬಂದ ಫಿರ್ಯಾದಿಗಳಲ್ಲಿ ಹಳೆಯ ಕಾನೂನು ತಿಂಗಳುಗಟ್ಟಲೆ ಮುಂದುವರಿಯಿತು. ಕೃಷ್ಣಾ ಮತ್ತು ತುಂಗಭದ್ರಾ ದಂಡೆಗಳಿಂದ ಮರಳು ಸಾಗಿಸುವವರ ಮೇಲೆ ಗಣಿ ಕಾಯ್ದೆಯ ಜೊತೆಗೆ ಹಾಕುತ್ತಿದ್ದ ಕಳ್ಳತನದ ಕಲಮೂ ಹಾಗೆಯೇ ಬದಲಾಯಿತು. ಮಟಕಾ ಮತ್ತು ಇಸ್ಪೀಟು ಪ್ರಕರಣಗಳು ಮಾತ್ರ ರಾಜ್ಯದ ಪೊಲೀಸ್ ಕಾಯ್ದೆಯಡಿ ಬರುವುದರಿಂದ ಎಂದಿನಂತೆ ಉಳಿದವು.

ಸರಹದ್ದು ಯಾವುದೇ ಇರಲಿ, ಫಿರ್ಯಾದಿಯನ್ನು ಮೊದಲು ದಾಖಲಿಸಿ ನಂತರ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕೆಂಬ 'ಶೂನ್ಯ ಎಫ್ಐಆರ್' ನಿಯಮ ಹೊಸ ಕಾನೂನಿನ 173ನೇ ಕಲಮಿನಲ್ಲಿ ಸ್ಪಷ್ಟವಾಗಿ ಸೇರಿತು. ತಾಲ್ಲೂಕು ಮತ್ತು ಠಾಣೆಯ ಗಡಿಗಳು ಹೊಂದದ ಪ್ರದೇಶದಲ್ಲಿ ಇದು ಪುಸ್ತಕದ ಮಾತಲ್ಲ. 'ಇದು ನಮ್ಮ ಹದ್ದಿಗೆ ಬರುವುದಿಲ್ಲ' ಎಂಬ ಉತ್ತರಕ್ಕೆ ಕಾನೂನಿನಲ್ಲಿ ಆಧಾರವಿಲ್ಲ ಎಂಬುದನ್ನು ಫಿರ್ಯಾದಿದಾರರು ತಿಳಿದಿರುವುದು ಒಳ್ಳೆಯದು.

ಕಾಲುವೆ ಮತ್ತು ಹೊಳೆ

ತುಂಗಭದ್ರಾ ಎಡದಂಡೆ ನಾಲೆ ಅಣೆಕಟ್ಟೆಯಿಂದ ಸುಮಾರು 227 ಕಿಲೋಮೀಟರ್ ಹರಿದು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಮಾರ್ಗವಾಗಿ ರಾಯಚೂರಿನ ಕಡೆಗೆ ಸಾಗುತ್ತದೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ನೀರು ಕುಡಿದಷ್ಟೂ ಕೆಳಭಾಗಕ್ಕೆ ಮುಟ್ಟುವುದು ಕಡಿಮೆ. ನೀರಾವರಿ ಸಲಹಾ ಸಮಿತಿ ಎಷ್ಟು ದಿನ, ಎಷ್ಟು ಕ್ಯುಸೆಕ್ ಎಂದು ನಿರ್ಧರಿಸಿದ ಮೇಲೂ ಗೇಜಿನಲ್ಲಿ ನಿಗದಿತ ಮಟ್ಟ ನಿಲ್ಲದಿದ್ದರೆ ಕೆಳಭಾಗದ ರೈತರು ರಸ್ತೆಗೆ ಇಳಿಯುತ್ತಾರೆ. ಆಗ ನಾಲೆಯ ದಂಡೆಯಲ್ಲಿ ನಿಷೇಧಾಜ್ಞೆ ಹೊರಡುತ್ತದೆ, ಎಂಜಿನಿಯರುಗಳ ಜೊತೆ ಪೊಲೀಸರು ರಾತ್ರಿ ಗಸ್ತು ತಿರುಗುತ್ತಾರೆ, ಅಕ್ರಮ ಪಂಪ್‌ಸೆಟ್ಟುಗಳನ್ನು ತೆಗೆಸುತ್ತಾರೆ. ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆ ಹೆಚ್ಚಿಸಿ ರಾಜ್ಯದ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಯಿತು. ಒಂದೇ ಠಾಣೆಯ ಸರಹದ್ದಿನಲ್ಲಿ ಪಂಪು ಇಟ್ಟವನೂ ನೀರಿಲ್ಲದೆ ಧರಣಿ ಕೂತವನೂ ಇರುತ್ತಾರೆ. ಇಬ್ಬರೂ ಸಾಲ ಮಾಡಿದ ರೈತರೇ.

2023ರ ಬರದಿಂದಾಗಿ ಆ ಸಾಲಿನಲ್ಲಿ ಎರಡನೇ ಬೆಳೆಗೆ ನೀರು ಸಿಕ್ಕಿರಲಿಲ್ಲ. ಆದ್ದರಿಂದ 2024ರಲ್ಲಿ ಜಲಾಶಯ ತುಂಬಿದಾಗ ಭರವಸೆ ದೊಡ್ಡದಿತ್ತು. ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಗಿ ಬಂದು, ನದಿಪಾತ್ರದ ಹಳ್ಳಿಗಳಿಗೆ ಎಚ್ಚರಿಕೆ ನೀಡಲಾಯಿತು. ಸಿಂಧನೂರು ತಾಲ್ಲೂಕಿನ ದಕ್ಷಿಣದ ಅಂಚು, ಸಿರುಗುಪ್ಪದ ಕಡೆಗೆ ಸೇತುವೆಯಿರುವ ಧಡೇಸುಗೂರಿನ ಆಸುಪಾಸು, ಈ ನದಿಪಾತ್ರದಲ್ಲಿದೆ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಹಲಗೆಗಳನ್ನು ಇಳಿಸುವ ಕೆಲಸ ಒಂದು ವಾರದಲ್ಲಿ ಯಶಸ್ವಿಯಾದ ಬಳಿಕ ಆತಂಕ ತಗ್ಗಿತು.

ಲಿಂಗಸುಗೂರಿನ ಕಡೆ ಚಿಂತೆ ಕೃಷ್ಣೆಯದು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ನದಿಯ ನಡುವಿನ ನಡುಗಡ್ಡೆಗಳ, ಇಲ್ಲಿನ ಮಾತಿನಲ್ಲಿ 'ಗಡ್ಡಿ'ಗಳ, ಸಂಪರ್ಕ ಕಡಿಯುತ್ತದೆ. ಸೇತುವೆಯ ಎರಡೂ ತುದಿಯಲ್ಲಿ ಬ್ಯಾರಿಕೇಡ್ ಹಾಕಿ ಕಾಯುವುದು ಕೇಳಲು ಸಣ್ಣ ಕೆಲಸ. ಆದರೆ ಕುರಿ ಹಿಂಡು ಆಚೆ ಉಳಿದವನನ್ನು, ಹೆರಿಗೆಯ ದಿನ ಸಮೀಪಿಸಿದ ಮನೆಯವರನ್ನು ತಡೆದು ನಿಲ್ಲಿಸುವುದು ಅಲ್ಲಿನ ಕಾನ್‌ಸ್ಟೆಬಲ್‌ನ ಪಾಲಿಗೆ ಬರುತ್ತದೆ.

ಮೊಹರಂ

ಮುದಗಲ್‌ನ ಮೊಹರಂ ಪ್ರಸಿದ್ಧವಾದುದು. ಹುಸೇನಿ ಆಲಂ ದರ್ಶನಕ್ಕೆ ಹಿಂದೂ ಮತ್ತು ಮುಸ್ಲಿಂ ಭಕ್ತರು ದೂರದೂರದಿಂದ ಬರುತ್ತಾರೆ. ಮೂರೂ ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲಿ ಅಲಾಯಿ ದೇವರುಗಳನ್ನು ಕೂಡಿಸಿ ಕುಣಿಯುವ ರೂಢಿಯೂ ಇದೆ. ಹುಣ್ಣಿಮೆಯ ಜಾತ್ರೆಗಳಂತೆ ಇದು ಒಂದೇ ಋತುವಿಗೆ ಕಟ್ಟುಬಿದ್ದುದಲ್ಲ. ಚಾಂದ್ರಮಾನ ವರ್ಷದ ಪ್ರಕಾರ ಪ್ರತಿ ಬಾರಿ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2024ರಲ್ಲಿ ಜುಲೈ 17ರಂದು ಬಂದುದರಿಂದ, ಮುಂಗಾರಿನ ದಿನಗಳಲ್ಲಿಯೇ ದೊಡ್ಡ ಬಂದೋಬಸ್ತೂ ಬೇಕಾಯಿತು. ಅದೇ ವರ್ಷ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೂ ಈದ್ ಮಿಲಾದ್ ಸೆಪ್ಟೆಂಬರ್ 16ಕ್ಕೂ ಬಂದು, ಗಣಪತಿ ವಿಸರ್ಜನೆ ಮತ್ತು ಮಿಲಾದ್ ಮೆರವಣಿಗೆಗಳು ಒಂದೇ ವಾರದ ಕೆಲಸವಾದವು. ಇಂಥ ಸಂದರ್ಭಗಳಿಗೆ ಮುನ್ನ ಠಾಣೆಯ ಅಂಗಳದಲ್ಲಿ ನಡೆಯುವ ಶಾಂತಿ ಸಭೆಗೆ ಎರಡೂ ಸಮುದಾಯದ ಹಿರಿಯರನ್ನು ಕರೆದು, ಮೆರವಣಿಗೆಯ ದಾರಿ ಮತ್ತು ಹೊತ್ತನ್ನು ಒಪ್ಪಿಸಿಕೊಳ್ಳಲಾಗುತ್ತದೆ. ಹಬ್ಬ ತಣ್ಣಗೆ ಮುಗಿದರೆ ಆ ಕೆಲಸ ಯಾವ ಅಂಕಿಅಂಶದಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಅಸಹಜ ಸಾವಿನ ವರದಿ

ಗುನ್ನೆಗಳ ಪಟ್ಟಿಯಷ್ಟು ಸುದ್ದಿಯಾಗದ, ಆದರೆ ಕುಟುಂಬಗಳ ಬದುಕನ್ನು ಹೆಚ್ಚು ಮುಟ್ಟುವ ದಾಖಲೆ ಯುಡಿಆರ್. ಹೊಲದಲ್ಲಿ ಹಾವು ಕಡಿದು, ಸಿಡಿಲು ಬಡಿದು, ವಿದ್ಯುತ್ ತಗುಲಿ, ಕಾಲುವೆಗೆ ಜಾರಿ ಸತ್ತವರ ಮತ್ತು ಆತ್ಮಹತ್ಯೆ ಮಾಡಿಕೊಂಡವರ ಪ್ರಕರಣಗಳು ಇದರಲ್ಲಿ ಬರುತ್ತವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಸುದ್ದಿ ಮುಟ್ಟಿಸಿ, ಸ್ಥಳಕ್ಕೆ ಹೋಗಿ, ಅಲ್ಲಿನ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಸಮಕ್ಷಮ ಪಂಚನಾಮೆ ಮಾಡಬೇಕು. ವರದಿಯನ್ನು 24 ಗಂಟೆಯೊಳಗೆ ಮೇಲಕ್ಕೆ ಕಳುಹಿಸಬೇಕು. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಕಡ್ಡಾಯ. ಪಂಚನಾಮೆಗೆ ಸಾಮಾನ್ಯವಾಗಿ ತಹಶೀಲ್ದಾರರೇ ಬರುತ್ತಾರೆ.

ಈ ಕಾಗದ ಠಾಣೆಯಲ್ಲಿ ಮುಗಿಯುವುದಿಲ್ಲ. ರೈತ ಆತ್ಮಹತ್ಯೆ ಮಾಡಿಕೊಂಡರೆ ಕುಟುಂಬಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ನೀಡುತ್ತದೆ. 2015ರ ತನಕ ಈ ಮೊತ್ತ 1 ಲಕ್ಷವಿತ್ತು. ಹಾವು ಕಡಿದು ಸತ್ತ ರೈತರ ಕುಟುಂಬಕ್ಕೂ ಪರಿಹಾರದ ವ್ಯವಸ್ಥೆ ಇದೆ. ಆತ್ಮಹತ್ಯೆಯ ಪ್ರಕರಣ ಅರ್ಹವೇ ಎಂದು ತೀರ್ಮಾನಿಸುವುದು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿ. ಲಿಂಗಸುಗೂರು ಅಂಥ ಉಪವಿಭಾಗದ ಕೇಂದ್ರ. ಸಮಿತಿಯ ಮುಂದಿಡುವ ಕಾಗದಗಳಲ್ಲಿ ಪಹಣಿ ಮತ್ತು ಸಾಲದ ದಾಖಲೆಯ ಜೊತೆಗೆ ಪೊಲೀಸ್ ವರದಿ, ಪಂಚನಾಮೆ, ಮರಣೋತ್ತರ ಪರೀಕ್ಷಾ ವರದಿಗಳಿರಬೇಕು.

ಇಲ್ಲಿ ಮೊದಲ ಹೇಳಿಕೆಯ ಒಂದು ವಾಕ್ಯವೂ ಭಾರವಾಗುತ್ತದೆ. ಕರ್ನಾಟಕದ ಪೊಲೀಸ್ ಪ್ರಕಟಣೆಗಳಲ್ಲಿ 'ಹೊಟ್ಟೆನೋವು ತಾಳಲಾರದೆ', 'ಜೀವನದಲ್ಲಿ ಜಿಗುಪ್ಸೆಗೊಂಡು' ಎಂಬ ಸಿದ್ಧ ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಶವ ಬೇಗ ಕೈಗೆ ಸಿಗಲಿ ಎಂಬ ಆತುರದಲ್ಲೋ ಸಾಲದ ಮಾತು ಊರಿಗೆ ತಿಳಿಯಬಾರದೆಂಬ ಸಂಕೋಚದಲ್ಲೋ ಮನೆಯವರು ಅದಕ್ಕೆ ಒಪ್ಪಿದರೆ, ತಿಂಗಳುಗಳ ನಂತರ ಸಮಿತಿಯ ಮುಂದೆ ಸಾಲವನ್ನು ಸಾಬೀತುಪಡಿಸುವ ಹೊರೆ ವಿಧವೆಯ ಮೇಲೆ ಬೀಳುತ್ತದೆ. ಭೂಮಿಯನ್ನು ಗುತ್ತಿಗೆಗೆ ಮಾಡುವ ಕುಟುಂಬಗಳ ಕಷ್ಟ ಇನ್ನೂ ಹೆಚ್ಚು. ಪಹಣಿಯಲ್ಲಿ ಅವರ ಹೆಸರಿಲ್ಲ, ಸಾಲವೂ ಹಲವು ಬಾರಿ ಗೊಬ್ಬರದಂಗಡಿಯ ಕೈಚೀಟಿಯಲ್ಲಿರುತ್ತದೆ. ಅಂಥಲ್ಲಿ ಮರಣದ ದಿನ ಬರೆಸಿದ ಹೇಳಿಕೆಯೇ ಮೊದಲ ಸಾಕ್ಷ್ಯ. ಗುತ್ತಿಗೆಯ ವಿಷಯ, ಸಾಲ ಕೊಟ್ಟವರು ಯಾರು, ಬೆಳೆ ಹೇಗೆ ಹೋಯಿತು ಎಂಬುದನ್ನು ವಿಚಾರಿಸಿ ಬರೆಯುವ ಅಧಿಕಾರಿಗೂ ಸಿದ್ಧ ವಾಕ್ಯ ಬರೆದು ಮುಗಿಸುವ ಅಧಿಕಾರಿಗೂ ಇರುವ ವ್ಯತ್ಯಾಸ ಠಾಣೆಯ ವಾರ್ಷಿಕ ಪಟ್ಟಿಯಲ್ಲಿ ಕಾಣುವುದಿಲ್ಲ. ಎರಡಕ್ಕೂ ಬೀಳುವುದು ಒಂದೊಂದೇ ಯುಡಿಆರ್ ನಂಬರ್.

ಕಾಲುವೆಯ ಸಾವುಗಳಲ್ಲಿ ಇನ್ನೊಂದು ತೊಡಕಿದೆ. ಒಂದು ಜಿಲ್ಲೆಯಲ್ಲಿ ಬಿದ್ದವರ ಶವ ಹರಿದು ಇನ್ನೊಂದು ಜಿಲ್ಲೆಯ ತೂಬಿನ ಬಳಿ ಸಿಗಬಹುದು. ಅಲ್ಲಿ ಕಾಣೆಯಾದವರ ಪ್ರಕರಣ, ಇಲ್ಲಿ ಗುರುತು ಸಿಗದ ಶವದ ಯುಡಿಆರ್. ಎರಡೂ ಕಾಗದಗಳು ಒಂದೇ ಮನುಷ್ಯನವು ಎಂದು ತಿಳಿಯುವವರೆಗೆ ಮನೆಯವರು ಕಾಯುತ್ತಿರುತ್ತಾರೆ.

ರಸ್ತೆ, ಗುಳೆ ಮತ್ತು ಇತರ ಪ್ರಕರಣಗಳು

ನಾಟಿಯ ಕಾಲದಲ್ಲಿ ಕೂಲಿ ಹೆಣ್ಣುಮಕ್ಕಳನ್ನು ಟಂಟಂ ಮತ್ತು ಸರಕು ವಾಹನಗಳಲ್ಲಿ ತುಂಬಿಕೊಂಡು ಹೋಗುವುದು, ಕೊಯ್ಲಿನ ಕಾಲದಲ್ಲಿ ರಸ್ತೆಯ ಮೇಲೇ ಭತ್ತ ಒಣಹಾಕುವುದು, ರಾತ್ರಿ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೈಲರುಗಳು ಇಲ್ಲಿ ಅಪಘಾತಕ್ಕೆ ದಾರಿಮಾಡುವ ಸಂಗತಿಗಳು. 2022ರ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಮತ್ತು ವಿಮಾ ಕಂಪನಿಗೆ ಕಳುಹಿಸಬೇಕು. ಪರಿಶಿಷ್ಟರ ಮೇಲಿನ ದೌರ್ಜನ್ಯ ಪ್ರಕರಣಗಳ ತನಿಖೆ ಡಿವೈಎಸ್ಪಿ ಮಟ್ಟದಲ್ಲಿ ನಡೆದು 60 ದಿನಗಳೊಳಗೆ ಮುಗಿಯಬೇಕು. ಆನ್‌ಲೈನ್ ವಂಚನೆಗೆ 1930, ತುರ್ತು ನೆರವಿಗೆ 112 ಸಂಖ್ಯೆಗಳಿವೆ.

ನೀರಾವರಿ ಇಲ್ಲದ ಮಸ್ಕಿ ಮತ್ತು ಲಿಂಗಸುಗೂರಿನ ಒಣಭೂಮಿಯ ಹಳ್ಳಿಗಳಿಂದ ಹಿಂಗಾರು ಮುಗಿದ ಮೇಲೆ ಬೆಂಗಳೂರು ಮತ್ತಿತರ ಕಡೆಗೆ ಗುಳೆ ಹೊರಡುತ್ತದೆ. ಬೀಗ ಹಾಕಿದ ಮನೆಗಳ ಮೇಲೆ ಬೀಟ್ ಸಿಬ್ಬಂದಿ ಕಣ್ಣಿಡಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನ್ಯಾಯಾಲಯದಲ್ಲಿ ಎದುರಾಗುತ್ತದೆ: ಸಮನ್ಸ್ ಹಿಡಿದು ಹಳ್ಳಿಗೆ ಹೋದ ಕಾನ್‌ಸ್ಟೆಬಲ್‌ಗೆ ಸಾಕ್ಷಿ ಸಿಗುವುದಿಲ್ಲ, ವಿಚಾರಣೆ ಮುಂದಕ್ಕೆ ಹೋಗುತ್ತದೆ.

ವರ್ಷ ಮೀರುವ ಪ್ರಕರಣಗಳು

ಆರೋಪಿ ಬಂಧನದಲ್ಲಿದ್ದರೆ ಅಪರಾಧದ ಗಾಂಭೀರ್ಯಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸಬೇಕು. ಇಲ್ಲವಾದರೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಠಾಣೆಯ ಲೆಕ್ಕದಲ್ಲಿ ಪಟ್ಟಿ ಸಲ್ಲಿಸಿದ ದಿನ ಪ್ರಕರಣ ಪತ್ತೆಯಾದಂತೆ. ಸಂತ್ರಸ್ತರ ಲೆಕ್ಕ ಬೇರೆ. 2020ರ ಜುಲೈನಲ್ಲಿ ಸಿಂಧನೂರಿನ ಸುಕಾಲಪೇಟೆಯಲ್ಲಿ ಪ್ರೇಮವಿವಾಹದ ದ್ವೇಷದಿಂದ ಒಂದೇ ಕುಟುಂಬದ ಐವರ ಕೊಲೆ ನಡೆಯಿತು. ಆ ವರ್ಷದ ಪಟ್ಟಿಯಲ್ಲಿ ಅದೂ ಒಂದು ಗುನ್ನೆ ನಂಬರ್ ಪಡೆಯಿತು. ಮೂವರಿಗೆ ಮರಣದಂಡನೆ ಮತ್ತು ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿ ಸಿಂಧನೂರಿನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ತೀರ್ಪು ನೀಡಿದ್ದು 2025ರ ಏಪ್ರಿಲ್‌ನಲ್ಲಿ. ಸೆಷನ್ಸ್ ನ್ಯಾಯಾಲಯ ವಿಧಿಸಿದ ಮರಣದಂಡನೆ ಹೈಕೋರ್ಟ್ ದೃಢೀಕರಿಸದೆ ಜಾರಿಯಾಗುವಂತಿಲ್ಲ. ಘಟನೆಗೂ ತೀರ್ಪಿಗೂ ನಡುವೆ ಠಾಣೆಯ ಗುನ್ನೆ ನಂಬರ್ ಐದು ಬಾರಿ ಹೊಸದಾಗಿ 1ರಿಂದ ಆರಂಭವಾಗಿತ್ತು.